ವಾರಸುದಾರಿಕೆಯ ಪ್ರಶ್ನೆ: ಕಿತ್ತೂರು ಸೀಮೆಯ ಚರಿತ್ರೆಯ ಗ್ರಂಥಗಳನ್ನು ಕುರಿತು ಕೆಲವು ವಿಚಾರಗಳು

1. ಪೀಠಿಕೆ

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಬೆಳಗಾವಿ ಜಿಲ್ಲೆಯ ದಕ್ಷಿಣ ಹಾಗೂ ಪೂರ್ವ ಭಾಗದ ನಾಲ್ಕು ಊರುಗಳು. ಮಲಪ್ರಭೆಯ ಸೀಮೆಗೆ ಸೇರಿದ ಇವುಗಳ ನಡುವೆ ಹೆಣ್ಣು ಕೊಟ್ಟು ತರುವ ಸಂಬಂಧವಿದೆ, ಸಂತೆ-ಜಾತ್ರೆಗಳ ಒಡನಾಟವಿದೆ, ಆಡುಮಾತಿನ ಸಾಮ್ಯವಿದೆ. ಆದರೆ ಗ್ರಂಥಾಲಯದ ಕಪಾಟಿನಲ್ಲಿ ಈ ನಾಲ್ಕು ಊರುಗಳು ಒಂದೆಡೆ ಸೇರುವುದಿಲ್ಲ. ಕಿತ್ತೂರಿನ ಪುಸ್ತಕಗಳು ಸ್ವಾತಂತ್ರ್ಯ ಹೋರಾಟದ ವಿಭಾಗದಲ್ಲಿರುತ್ತವೆ. ಸವದತ್ತಿಯವು ಧರ್ಮ ಇಲ್ಲವೆ ಸಾಮಾಜಿಕ ಸಮಸ್ಯೆಗಳ ವಿಭಾಗದಲ್ಲಿರುತ್ತವೆ. ಬೈಲಹೊಂಗಲವು ಸಂಗ್ಯಾ-ಬಾಳ್ಯಾ ಸಣ್ಣಾಟದ ನೆಪದಲ್ಲಿ ಜಾನಪದಕ್ಕೆ ಸೇರುತ್ತದೆ. ರಾಮದುರ್ಗವಂತೂ ಸಂಸ್ಥಾನಗಳ ವಿಲೀನೀಕರಣವನ್ನು ಹೇಳುವ ಪುಸ್ತಕಗಳಲ್ಲಿ ಒಂದೆರಡು ಪುಟಗಳಿಗೆ ಸೀಮಿತವಾಗುತ್ತದೆ.

ಈ ವಿಂಗಡಣೆ ಗ್ರಂಥಪಾಲಕರು ಮಾಡಿದ್ದಲ್ಲ. ವಸಾಹತು ಆಡಳಿತದ ಬರವಣಿಗೆಯಲ್ಲಿಯೇ ಇದರ ಬೇರುಗಳಿವೆ. ಎಚ್. ಜೆ. ಸ್ಟೋಕ್ಸ್ ಬರೆದ ಬೆಳಗಾವಿ ಜಿಲ್ಲೆಯ ಚಾರಿತ್ರಿಕ ವೃತ್ತಾಂತ (1870) ಹಾಗೂ ಮುಂಬಯಿ ಪ್ರಾಂತ್ಯದ ಗ್ಯಾಜೆಟಿಯರಿನ ಬೆಳಗಾವಿ ಸಂಪುಟ (1884) ಬ್ರಿಟಿಷರ ನೇರ ಆಡಳಿತಕ್ಕೆ ಒಳಪಟ್ಟ ಪ್ರದೇಶವನ್ನು ಒಂದು ಘಟಕವಾಗಿ ಕಂಡವು. ಭಾವೆ ಮನೆತನದ ಆಳ್ವಿಕೆಯಲ್ಲಿದ್ದ ರಾಮದುರ್ಗವು ದಕ್ಷಿಣ ಮರಾಠಾ ಜಹಗೀರುಗಳ ಸಾಲಿಗೆ ಸೇರಿ, ಕೊಲ್ಹಾಪುರದ ಸಂಪುಟದಲ್ಲಿ ಸ್ಥಾನ ಪಡೆಯಿತು. ಆಡಳಿತದ ಅನುಕೂಲಕ್ಕೆ ಎಳೆದ ಗೆರೆಯೇ ಮುಂದೆ ವಿದ್ವತ್ತಿನ ಗೆರೆಯೂ ಆಯಿತು. ಸ್ವಾತಂತ್ರ್ಯಾನಂತರದ ಕನ್ನಡ ಗ್ರಂಥಕಾರರು ಗ್ಯಾಜೆಟಿಯರಿನ ತೀರ್ಪನ್ನು ತಿರುಗಿಸಿದರು. ಬಂಡುಕೋರರನ್ನು ವೀರರೆಂದು ಕರೆದರು. ಇದು ಅಗತ್ಯವಾದ ಕೆಲಸವೇ ಆಗಿತ್ತು. ಆದರೆ ಗ್ಯಾಜೆಟಿಯರಿನ ವಿಂಗಡಣೆಯನ್ನು ಅವರು ಹಾಗೆಯೇ ಉಳಿಸಿಕೊಂಡರು.

ಈ ನಾಲ್ಕು ಊರುಗಳ ಚರಿತ್ರೆಯನ್ನು ಒಟ್ಟಿಗೆ ಓದಿದರೆ ಎಲ್ಲೆಡೆಯೂ ಒಂದೇ ಪ್ರಶ್ನೆ ಮರಳಿ ಮರಳಿ ಎದುರಾಗುತ್ತದೆ. ಅದು ವಾರಸುದಾರಿಕೆಯ ಪ್ರಶ್ನೆ. ಗಾದಿ ಯಾರಿಗೆ, ಹೊಲ ಯಾರಿಗೆ, ಹೆಸರು ಯಾರದು, ಇವನ್ನು ನಿರ್ಣಯಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ. ರಾಜಕಾರಣ, ಚರಿತ್ರೆ ಮತ್ತು ಸಾಮಾಜಿಕ ನ್ಯಾಯ ಎಂದು ಮೂರು ವಿಷಯಗಳಾಗಿ ಒಡೆದುಹೋದ ಗ್ರಂಥಪರಂಪರೆ ಈ ಒಂದು ಪ್ರಶ್ನೆಯನ್ನು ಗುರುತಿಸದೆ ಹೋಗಿದೆ ಎಂಬುದನ್ನು ತೋರಿಸುವುದು ಪ್ರಸ್ತುತ ಬರಹದ ಉದ್ದೇಶ.

2. ಗಾದಿ ಮತ್ತು ಹೊಲ

ಕಿತ್ತೂರಿನ ಕಥೆ ಎಲ್ಲರಿಗೂ ತಿಳಿದದ್ದು. 1824ರ ಸೆಪ್ಟೆಂಬರಿನಲ್ಲಿ ದೊರೆ ಶಿವಲಿಂಗರುದ್ರಸರ್ಜನು ಸಂತಾನವಿಲ್ಲದೆ ತೀರಿಕೊಂಡನು. ದತ್ತಕ ಪುತ್ರನಾದ ಶಿವಲಿಂಗಪ್ಪನ ಹಕ್ಕನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಮಾನ್ಯ ಮಾಡಲಿಲ್ಲ. ಅದೇ ವರ್ಷ ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತನು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕೊನೆಯುಸಿರೆಳೆದಳು. ಡಾಲ್‌ಹೌಸಿಯ ಹೆಸರಿನೊಂದಿಗೆ ಜೋಡಿಸಲಾಗುವ ದತ್ತಕ ನಿರಾಕರಣೆಯ ನೀತಿಯು ಅವನಿಗಿಂತ ಎರಡು ದಶಕಗಳಿಗೂ ಮೊದಲೇ ಇಲ್ಲಿ ಪ್ರಯೋಗಗೊಂಡಿತ್ತೆಂಬ ಸಂಗತಿಯನ್ನು ಕನ್ನಡ ವಿದ್ವಾಂಸರು ಸರಿಯಾಗಿಯೇ ಒತ್ತಿ ಹೇಳಿದ್ದಾರೆ. ಸದಾಶಿವ ಒಡೆಯರ ಅವರ ‘ರಾಣಿ ಚೆನ್ನಮ್ಮ’ (1977) ಈ ಸಂಗತಿಗಳನ್ನು ನಾಡಿನ ಹೊರಗಿನ ಓದುಗರಿಗೂ ಮುಟ್ಟಿಸಿತು. ಎಂ. ಎಂ. ಕಲಬುರ್ಗಿಯವರ ಸಂಪಾದನೆಯ ‘ಕಿತ್ತೂರು ಸಂಸ್ಥಾನ ಸಾಹಿತ್ಯ’ವು ಚೆದುರಿದ್ದ ಆಕರಗಳನ್ನು ಒಂದೆಡೆ ತಂದಿತು.

ಆದರೆ ಬಹುಪಾಲು ಗ್ರಂಥಗಳಲ್ಲಿ ಕಥನವು ಗಾದಿಯ ಸುತ್ತಲೇ ತಿರುಗುತ್ತದೆ. ಸಂಗೊಳ್ಳಿ ರಾಯಣ್ಣನ ಬಂಡಾಯವನ್ನು ರಾಣಿಯ ಕಥೆಯ ಎರಡನೆಯ ಅಧ್ಯಾಯವಾಗಿ, ಸ್ವಾಮಿನಿಷ್ಠೆಯ ನಿದರ್ಶನವಾಗಿ ಓದುವುದು ರೂಢಿ. ಶಿವಲಿಂಗಪ್ಪನನ್ನು ಗಾದಿಯ ಮೇಲೆ ಕೂಡ್ರಿಸುವುದು ರಾಯಣ್ಣನ ಘೋಷಿತ ಗುರಿಯಾಗಿತ್ತು, ನಿಜ. ಇದರ ಜೊತೆಗೆ ರಾಯಣ್ಣನು ಶೇತ್‌ಸನದಿಯಾಗಿದ್ದನೆಂಬುದನ್ನೂ ನೆನಪಿಡಬೇಕು. ಊರ ಕಾವಲು ಮತ್ತು ಸೈನಿಕ ಸೇವೆಗೆ ಪ್ರತಿಯಾಗಿ ವಂಶಪಾರಂಪರ್ಯವಾಗಿ ಹೊಲ ಪಡೆದಿದ್ದ ವರ್ಗವದು. ಕಂಪನಿಯ ಆಡಳಿತ ಬಂದ ಮೇಲೆ ಇಂತಹ ಸೇವಾಭೂಮಿಗಳ ಮೇಲೆ ಕತ್ತರಿ ಬಿದ್ದಿತು. ಕೆಲವರ ಹೊಲ ಹೋಯಿತು, ಕೆಲವರ ಮೇಲೆ ಕರದ ಹೊರೆ ಏರಿತು. ರಾಯಣ್ಣನ ಮನೆತನದ ಮಾನ್ಯದ ಹೊಲವೂ ಇದರಿಂದ ಪಾರಾಗಲಿಲ್ಲ. ದೊರೆಯ ದತ್ತಕ ಪುತ್ರನಿಗೆ ಗಾದಿಯ ಹಕ್ಕಿಲ್ಲವೆಂದು ಹೇಳಿದ ಅಧಿಕಾರವೇ ಶೇತ್‌ಸನದಿಯ ಮಗನಿಗೆ ತಂದೆಯ ಹೊಲದ ಹಕ್ಕಿಲ್ಲವೆಂದೂ ಹೇಳಿತು. ಅರಮನೆಯ ವಾರಸಾ ಮತ್ತು ಗುಡಿಸಲಿನ ವಾರಸಾ ಒಂದೇ ಲೇಖನಿಯಿಂದ ರದ್ದಾದವು. ಎರಡು ವರ್ಗಗಳ ಈ ಕೂಡುವಿಕೆಯಲ್ಲಿ ಬಂಡಾಯದ ಬಲವಿತ್ತು. ಕೇವಲ ಸ್ವಾಮಿನಿಷ್ಠೆಯೆಂದರೆ ಅದರ ಅರ್ಧಭಾಗ ಕಾಣದಂತಾಗುತ್ತದೆ.

ಬಂಡಾಯಗಾರರು ಬೀಡಿಯ ಕಚೇರಿಗೆ ಬೆಂಕಿ ಇಟ್ಟದ್ದನ್ನು ಚರಿತ್ರೆಯ ಪುಸ್ತಕಗಳು ಸಾಹಸವೆಂದು ವರ್ಣಿಸುತ್ತವೆ. ಕಚೇರಿಯೆಂದರೆ ಕಾಗದಪತ್ರಗಳ ಮನೆ. ಹೊಲ ಯಾರ ಹೆಸರಿನಲ್ಲಿದೆ, ಎಷ್ಟು ಬಾಕಿ ಇದೆ ಎಂಬುದನ್ನು ನಿರ್ಧರಿಸುವ ಬರಹ ಅಲ್ಲಿತ್ತು. ಬರಹದಿಂದ ಹೊಲ ಕಳೆದುಕೊಂಡವನು ಬರಹವನ್ನೇ ಸುಡಲು ಹೊರಡುವುದರಲ್ಲಿ ಒಂದು ರಾಜಕೀಯ ತಿಳಿವಳಿಕೆ ಇದೆ. ಇಂದಿನ ಸಂಶೋಧಕನಿಗೆ ಆಕರವಾಗಿರುವ ಕಂದಾಯ ದಾಖಲೆಗಳು ಅಂದು ರಾಯಣ್ಣನಂಥವರಿಗೆ ಎದುರಾಳಿಯಾಗಿದ್ದವು. ದಾಖಲೆಯನ್ನು ಪ್ರಮಾಣವೆಂದು ಉಲ್ಲೇಖಿಸುವ ಮೊದಲು ಈ ಸಂಗತಿಯನ್ನು ನೆನಪಿನಲ್ಲಿಡುವ ಗ್ರಂಥಗಳು ಕಡಿಮೆ. 1831ರಲ್ಲಿ ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದ ನಂತರ ಅವನ ಪಕ್ಷದ ಸಾಕ್ಷ್ಯವು ಲಾವಣಿಯಲ್ಲಿ ಉಳಿಯಿತು. ಅದನ್ನು 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚಿಗೆ ತಂದವನು ಜೆ. ಎಫ್. ಫ್ಲೀಟ್. ಅವನೂ ಅದೇ ಆಡಳಿತದ ಅಧಿಕಾರಿಯೆಂಬುದು ಈ ಚರಿತ್ರೆಯ ಒಂದು ವ್ಯಂಗ್ಯ.

ಭೂಮಿ ಮತ್ತು ವರ್ಗದ ನೆಲೆಯಿಂದ ಈ ಬಂಡಾಯವನ್ನು ನೋಡಿದ ಗ್ರಂಥಗಳೂ ಇವೆ. ಸಾಕಿ ಎಂಬ ಹೆಸರಿನಲ್ಲಿ ಸಾಕೇತ್ ರಾಜನ್ ಬರೆದ ‘ಮೇಕಿಂಗ್ ಹಿಸ್ಟರಿ’ಯ ಎರಡನೆಯ ಸಂಪುಟ (2004) ವಸಾಹತು ಕಾಲದ ಬಂಡಾಯಗಳನ್ನು ಜನತೆಯ ಸಶಸ್ತ್ರ ಹೋರಾಟದ ಪರಂಪರೆಯಾಗಿ ಕಾಣುತ್ತದೆ. ಕಂದಾಯ ಪದ್ಧತಿಗೂ ಬಂಡಾಯಕ್ಕೂ ಇರುವ ನಂಟನ್ನು ಮುಂದಿಟ್ಟದ್ದು ಅದರ ಹೆಚ್ಚುಗಾರಿಕೆ. ತನ್ನ ರಾಜಕೀಯ ನಿಲುವಿಗೆ ಬೇಕಾದ ಆಕಾರಕ್ಕೆ ರಾಯಣ್ಣನನ್ನು ಒಗ್ಗಿಸುವುದು ಅದರ ಮಿತಿ. ಸ್ವಾಮಿನಿಷ್ಠ ರಾಯಣ್ಣ ಮತ್ತು ಗೆರಿಲ್ಲಾ ರಾಯಣ್ಣ ಇಬ್ಬರೂ ನಂತರದ ಕಾಲದ ಸೃಷ್ಟಿಗಳು. ಹೊಲ ಕಳೆದುಕೊಂಡ ಶೇತ್‌ಸನದಿ ಈ ಎರಡು ಚಿತ್ರಗಳ ನಡುವೆ ಇನ್ನೂ ತನ್ನ ಗ್ರಂಥಕ್ಕಾಗಿ ಕಾಯುತ್ತಿದ್ದಾನೆ.

3. ಸನದು ಪಡೆದ ಸಂಸ್ಥಾನ

ದತ್ತಕದ ಪ್ರಶ್ನೆ ಕಿತ್ತೂರಿನಲ್ಲಿಯೇ ಮುಗಿಯಲಿಲ್ಲ. ನರಗುಂದದ ಬಾಬಾಸಾಹೇಬನಿಗೂ ಗಂಡು ಸಂತಾನವಿರಲಿಲ್ಲ. ದತ್ತಕಕ್ಕೆ ಅನುಮತಿ ಸಿಗಲಿಲ್ಲ. 1858ರಲ್ಲಿ ಅವನು ಬಂಡೆದ್ದಾಗ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಹತನಾದದ್ದು ರಾಮದುರ್ಗದ ಬಳಿಯ ಸುರೇಬಾನದಲ್ಲಿ. ರಾಮದುರ್ಗದ ಅಂದಿನ ದೊರೆಯು ಬಾಬಾಸಾಹೇಬನ ಮಲಸಹೋದರನಾಗಿದ್ದು, ಬ್ರಿಟಿಷರ ಪಕ್ಷದಲ್ಲಿ ನಿಂತನು. ನರಗುಂದ ಅಳಿಯಿತು, ರಾಮದುರ್ಗ ಉಳಿಯಿತು. ಮುಂದೆ ರಾಮದುರ್ಗದ ಮನೆತನಕ್ಕೆ ದತ್ತಕ ತೆಗೆದುಕೊಳ್ಳುವ ಸನದು ದೊರೆಯಿತು. ಕಿತ್ತೂರು ಮತ್ತು ನರಗುಂದಗಳಿಗೆ ನಿರಾಕರಿಸಿದ ಹಕ್ಕು ರಾಮದುರ್ಗಕ್ಕೆ ಬಹುಮಾನವಾಗಿ ಬಂದಿತು. ಈ ಮೂರು ಸಂಗತಿಗಳನ್ನು ಒಂದೇ ಪುಟದಲ್ಲಿ ಇಟ್ಟು ನೋಡಿದಾಗ ವಾರಸುದಾರಿಕೆಯು ಧರ್ಮಶಾಸ್ತ್ರದ ವಿಷಯವಾಗಿ ಉಳಿಯದೆ, ನಿಷ್ಠೆಯನ್ನು ಅಳೆಯುವ ರಾಜಕೀಯ ತಕ್ಕಡಿಯಾದ ಬಗೆ ಸ್ಪಷ್ಟವಾಗುತ್ತದೆ. ಕಿತ್ತೂರಿನ ಗ್ರಂಥಗಳು ಕಿತ್ತೂರಿನಲ್ಲಿ ನಿಲ್ಲುವುದರಿಂದ, ನರಗುಂದದವು ನರಗುಂದದಲ್ಲಿ ನಿಲ್ಲುವುದರಿಂದ ಈ ಹೋಲಿಕೆ ಮರೆಯಾಗುತ್ತದೆ.

1939ರ ಏಪ್ರಿಲ್ ತಿಂಗಳಲ್ಲಿ ರಾಮದುರ್ಗದ ಪ್ರಜೆಗಳೇ ತಮ್ಮ ದೊರೆಯ ಆಡಳಿತದ ವಿರುದ್ಧ ಎದ್ದರು. ಪ್ರಜಾಸಂಘದ ಚಳವಳಿ ಹಿಂಸೆಗೆ ತಿರುಗಿತು, ಪೊಲೀಸರು ಹತರಾದರು. ಗಾಂಧೀಜಿ ಈ ಹಿಂಸೆಯನ್ನು ಖಂಡಿಸಿದರು. ಕರ್ನಾಟಕದ ಸ್ವಾತಂತ್ರ್ಯ ಚಳವಳಿಯ ಚರಿತ್ರೆಗಳಲ್ಲಿ ಈ ಪ್ರಕರಣ ಒಂದು ಬಗೆಯ ಮುಜುಗರವಾಗಿ ಉಳಿದಿದೆ. ಅಹಿಂಸೆಯ ಕಥನಕ್ಕೆ ಅದು ಹೊಂದುವುದಿಲ್ಲ. ಪರಕೀಯರ ವಿರುದ್ಧದ ಹೋರಾಟವೆಂಬ ಚೌಕಟ್ಟಿಗೂ ಹೊಂದುವುದಿಲ್ಲ, ಏಕೆಂದರೆ ಎದುರಿಗಿದ್ದ ದೊರೆ ಸ್ವದೇಶೀಯ. ಗಾದಿಯ ಅಧಿಕಾರಕ್ಕೆ ದೊರೆಯ ಮಗನು ವಾರಸುದಾರನೋ, ಕರ ಕೊಡುವ ಪ್ರಜೆಗಳು ವಾರಸುದಾರರೋ ಎಂಬುದು ಅಲ್ಲಿಯ ತಿರುಳು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದಾಗ ಈ ಪ್ರಶ್ನೆಗೆ ಕಾನೂನಿನ ಉತ್ತರ ದೊರೆಯಿತು. ಆ ಉತ್ತರಕ್ಕಾಗಿ ಜೈಲು ಕಂಡವರ, ಜೀವ ತೆತ್ತವರ ಹಾಗೂ ಅಂದು ಸತ್ತ ಪೊಲೀಸರ ಮನೆಗಳವರ ನೆನಪುಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ಧೈರ್ಯವುಳ್ಳ ಅಧ್ಯಯನ ಕನ್ನಡಕ್ಕೆ ಬೇಕಾಗಿದೆ.

4. ಗಂಡುಮಗನಾದ ಹೆಣ್ಣುಮಗಳು

ಸವದತ್ತಿಗೆ ಬಂದರೆ ಇದೇ ಪ್ರಶ್ನೆ ಬೇರೊಂದು ರೂಪ ತಾಳುತ್ತದೆ. ಎಲ್ಲಮ್ಮನ ಗುಡ್ಡದ ಬಗೆಗಿನ ಬರವಣಿಗೆ ಸಾಮಾನ್ಯವಾಗಿ ಎರಡು ಬಗೆಯದು. ಒಂದು ಭಕ್ತಿಯ ಸ್ಥಳಪುರಾಣ, ಇನ್ನೊಂದು ಅನಿಷ್ಟ ಪದ್ಧತಿಯ ವರದಿ. ಮುತ್ತು ಕಟ್ಟುವ ಪದ್ಧತಿಯ ಹಿಂದೆ ಬಡತನ, ಜಾತಿಯ ಯಜಮಾನಿಕೆ ಮತ್ತು ಲೈಂಗಿಕ ಶೋಷಣೆಗಳಿದ್ದವೆಂಬುದರಲ್ಲಿ ಸಂದೇಹವಿಲ್ಲ. ಅದಕ್ಕೆ ಬಲಿಯಾದವರು ಬಹುಮಟ್ಟಿಗೆ ದಲಿತ ಹೆಣ್ಣುಮಕ್ಕಳು. 1934ರ ಮುಂಬಯಿ ದೇವದಾಸಿ ಸಂರಕ್ಷಣಾ ಕಾಯ್ದೆ, 1982ರ ಕರ್ನಾಟಕ ದೇವದಾಸಿ ಸಮರ್ಪಣ ನಿಷೇಧ ಕಾಯ್ದೆಗಳು ಈ ಅನ್ಯಾಯವನ್ನು ಗುರುತಿಸಿದವು. ಆದರೆ ಈ ಪದ್ಧತಿಯೊಳಗೆ ಆಸ್ತಿಯ ವಿಚಾರವೂ ಅಡಗಿತ್ತು. ಗಂಡುಮಕ್ಕಳಿಲ್ಲದ ಮನೆಯಲ್ಲಿ ಮಗಳಿಗೆ ಮುತ್ತು ಕಟ್ಟಿದರೆ ಅವಳು ಪರರ ಮನೆಗೆ ಹೋಗದೆ ತವರಿನಲ್ಲಿಯೇ ಉಳಿಯುತ್ತಿದ್ದಳು. ಮಗನ ಸ್ಥಾನ ಪಡೆದು ಹೊಲ-ಮನೆಗೆ ವಾರಸುದಾರಳಾಗುತ್ತಿದ್ದಳು. ತಂದೆ-ತಾಯಿಯರ ಉತ್ತರಕ್ರಿಯೆಯ ಹೊಣೆ ಹೊರುತ್ತಿದ್ದಳು. ಅವಳ ಮಕ್ಕಳು ತಾಯಿಯ ಮನೆತನವನ್ನು ಮುಂದುವರಿಸುತ್ತಿದ್ದರು. ದೊರೆಗೆ ದತ್ತಕವಿತ್ತು. ಕೇರಿಯ ಬಡವನು ದೇವಿಗೆ ಮಗಳನ್ನು ಕೊಟ್ಟು ವಾರಸುದಾರಿಕೆ ಪಡೆಯಬೇಕಾಯಿತು, ಮತ್ತು ಅದರ ಬೆಲೆಯನ್ನು ಮಗಳು ತನ್ನ ದೇಹದಿಂದ ತೆತ್ತಳು.

ಈ ಆಯಾಮವನ್ನು ವಿಸ್ತಾರವಾಗಿ ಚರ್ಚಿಸಿದ ಗ್ರಂಥಗಳು ಹೊರಗಿನ ಭಾಷೆಗಳಲ್ಲಿವೆ. ಸವದತ್ತಿಯ ಎಲ್ಲಮ್ಮನ ಪಂಥವನ್ನು ಕುರಿತ ಜಾಕಿ ಅಸಾಯಗ್‌ನ ಅಧ್ಯಯನ (1992) ಫ್ರೆಂಚಿನಲ್ಲಿದೆ. ಲೂಸಿಂಡಾ ರ್‍ಯಾಂಬರ್ಗ್ ಅವರ ‘ಗಿವನ್ ಟು ದ ಗಾಡೆಸ್’ (2014) ಇಂಗ್ಲಿಷಿನಲ್ಲಿದೆ. ಉತ್ತರ ಕರ್ನಾಟಕದ ಜೋಗತಿಯರ ಬದುಕನ್ನು ಬಂಧುತ್ವ ಮತ್ತು ಧರ್ಮದ ನೆಲೆಯಿಂದ ಕಂಡ ಈ ಎರಡನೆಯ ಕೃತಿ, ಸುಧಾರಣೆಯ ಭರದಲ್ಲಿ ಜೋಗತಿಯರ ಆಚರಣೆಯೇ ಅಪರಾಧವಾದಾಗ ಅವರ ಪಾಲಿಗೆ ಉಳಿದುದೇನು ಎಂದು ಕೇಳುತ್ತದೆ. ಅದರ ನಿಲುವುಗಳನ್ನು ಎಲ್ಲರೂ ಒಪ್ಪಬೇಕಾಗಿಲ್ಲ. ಸುಧಾರಣೆಗೆ ಸ್ವತಃ ಮುಂದಾದ ಮಾಜಿ ದೇವದಾಸಿಯರ ಸಂಘಟನೆಗಳ ಅನುಭವವು ಅದಕ್ಕೆ ಬಲವಾದ ಪ್ರತಿವಾದ ಒಡ್ಡಬಲ್ಲದು. ಆದರೆ ಈ ವಾಗ್ವಾದ ಯಾರ ಬದುಕನ್ನು ಕುರಿತದ್ದೋ ಅವರ ಭಾಷೆಯಲ್ಲಿ ನಡೆಯಬೇಕು. ಚೌಡಿಕೆ ಪದಗಳನ್ನು ಸಂಗ್ರಹಿಸಿ ಛಂದಸ್ಸಿನ ವಿಶ್ಲೇಷಣೆ ಮಾಡುವ ಕನ್ನಡ ಸಂಶೋಧನೆಯು ಪದ ಹಾಡಿದವಳ ಹೊಲದ ಉತಾರವನ್ನು ಕೇಳಿ ನೋಡುವುದಿಲ್ಲ.

ಇದು ಹಳೆಯ ಕಾಲದ ಮಾತೆಂದು ತಳ್ಳಿಹಾಕುವಂತಿಲ್ಲ. ಹೆಣ್ಣುಮಕ್ಕಳಿಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಸಮಪಾಲು ನೀಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿ ಜಾರಿಗೆ ತಂದಿತು. ದೇಶಕ್ಕೆಲ್ಲ ಅದು ಅನ್ವಯವಾದದ್ದು 2005ರಲ್ಲಿ. ಮುತ್ತು ಕಟ್ಟಿಸಿಕೊಂಡ ತಾಯಂದಿರ ಮಕ್ಕಳು ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗವನ್ನು ಹೇಗೆ ತುಂಬಬೇಕೆಂಬ ಪ್ರಶ್ನೆ ಮಾತ್ರ ಬಹುಕಾಲ ಉಳಿಯಿತು. 2025ರಲ್ಲಿ ಕರ್ನಾಟಕ ವಿಧಾನಸಭೆ ಅಂಗೀಕರಿಸಿದ ದೇವದಾಸಿ ಮಸೂದೆಯು ಈ ಮಕ್ಕಳಿಗೆ ತಂದೆಯನ್ನು ಗುರುತಿಸಿಕೊಳ್ಳುವ, ಆಸ್ತಿಯಲ್ಲಿ ಪಾಲು ಕೇಳುವ ಹಕ್ಕನ್ನು ಪ್ರತಿಪಾದಿಸಿತು. ಎರಡು ಶತಮಾನಗಳ ಹಿಂದೆ ಕಿತ್ತೂರಿನ ಕೋಟೆಯ ಮುಂದೆ ಎದ್ದ ಪ್ರಶ್ನೆ ಹೀಗೆ ಕೇರಿಯ ಮನೆಯ ಬಾಗಿಲಿಗೂ ಬಂದು ತಲುಪಿದೆ.

ಸವದತ್ತಿಯ ಇನ್ನೊಂದು ಅಧ್ಯಾಯ ಮಲಪ್ರಭೆಯದು. ನವಿಲುತೀರ್ಥದ ಅಣೆಕಟ್ಟಿನಿಂದ ನೆಲ ಮುಳುಗಿದವರ ಕಥೆ ಒಂದಾದರೆ, ನೀರು ಬಂದ ನೆಲದ ಮೇಲೆ ಅಭಿವೃದ್ಧಿ ಕರ ಹೊತ್ತ ರೈತರ ಕಥೆ ಇನ್ನೊಂದು. 1980ರ ಜುಲೈನಲ್ಲಿ ನರಗುಂದ-ನವಲಗುಂದಗಳಲ್ಲಿ ಗೋಲಿಬಾರಿಗೆ ಎಡೆಯಾದ ಚಳವಳಿಯನ್ನು ಎಂ. ವಿ. ನಾಡಕರ್ಣಿಯವರ ‘ಫಾರ್ಮರ್ಸ್ ಮೂವ್‌ಮೆಂಟ್ಸ್ ಇನ್ ಇಂಡಿಯಾ’ (1987) ಅರ್ಥಶಾಸ್ತ್ರದ ಶಿಸ್ತಿನಿಂದ ಪರಿಶೀಲಿಸಿತು. ಶೇತ್‌ಸನದಿಗಳ ಮೇಲಿನ ಕರದಿಂದ ಮಲಪ್ರಭಾ ರೈತರ ಮೇಲಿನ ಕರದವರೆಗೆ ಒಂದು ನಿರಂತರತೆ ಇದೆಯೇ, ಇಲ್ಲವೇ? ಉತ್ತರ ಏನೇ ಇರಲಿ, ಪ್ರಶ್ನೆಯನ್ನಾದರೂ ಕೇಳಬೇಕಾದರೆ ಚರಿತ್ರೆಯ ಗ್ರಂಥವೂ ಅರ್ಥಶಾಸ್ತ್ರದ ಗ್ರಂಥವೂ ಒಬ್ಬನೇ ಓದುಗನ ಮೇಜಿನ ಮೇಲೆ ಇರಬೇಕು.

5. ಚರಿತ್ರೆಗೆ ವಾರಸುದಾರರು ಯಾರು?

ಹೀಗೆ ಓದುವುದರಿಂದ ವೀರರ ಮಹತ್ವ ಕುಗ್ಗುತ್ತದೆಂಬ ಆಕ್ಷೇಪ ಬರಬಹುದು. ರಾಣಿ ಚೆನ್ನಮ್ಮ ಮತ್ತು ರಾಯಣ್ಣ ಈ ಸೀಮೆಯ ಜನರಿಗೆ ಆತ್ಮಗೌರವದ ಸಂಕೇತಗಳು; ಆ ಗೌರವವನ್ನು ಲಘುವಾಗಿ ಕಾಣುವ ಅಧಿಕಾರ ಯಾವ ಸಂಶೋಧಕನಿಗೂ ಇಲ್ಲ. ಆದರೆ ಸಂಕೇತವು ಚರಿತ್ರೆಯ ಜಾಗವನ್ನು ಪೂರ್ತಿಯಾಗಿ ಆಕ್ರಮಿಸಿದಾಗ ಸಂಕೇತದ ಒಡೆತನಕ್ಕಾಗಿ ಜಗಳ ಆರಂಭವಾಗುತ್ತದೆ. ರಾಣಿ ಒಂದು ಸಮುದಾಯದ ಸೊತ್ತು, ರಾಯಣ್ಣ ಇನ್ನೊಂದು ಸಮುದಾಯದ ಸೊತ್ತು ಎಂಬಂತೆ ಗ್ರಂಥಗಳು ಹೊರಬರತೊಡಗಿದರೆ, ಒಂದೇ ಬಂಡಾಯದಲ್ಲಿ ಹೆಗಲಿಗೆ ಹೆಗಲು ಕೊಟ್ಟವರು ಪುಸ್ತಕಗಳಲ್ಲಿ ಬೇರೆ ಬೇರೆ ಪಂಕ್ತಿಗಳಲ್ಲಿ ಕೂಡಬೇಕಾಗುತ್ತದೆ. ಇಂತಹ ಪಂಕ್ತಿಭೇದಕ್ಕೆ ವಿದ್ವತ್ತು ಒಪ್ಪಿಗೆ ಕೊಡಬಾರದು.

ಒಪ್ಪಿಗೆ ಕೊಡದಿರುವುದಕ್ಕೆ ಬೆಲೆ ಇದೆ ಎಂಬುದೂ ನಿಜ. ಕಿತ್ತೂರಿನ ಆಕರಗಳನ್ನು ಸಂಪಾದಿಸಿದ ಕಲಬುರ್ಗಿಯವರೇ ತಮ್ಮ ಸಂಶೋಧನೆಯ ತೀರ್ಮಾನಗಳಿಗಾಗಿ ದೀರ್ಘಕಾಲ ವಿರೋಧ ಎದುರಿಸಿದರು. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿ ಗುಂಡಿಗೆ ಬಲಿಯಾದರು. ಅಲ್ಲಿಂದೀಚೆಗೆ ಸಂಶೋಧನೆಯ ವಿಷಯವನ್ನು ಆಯುವಾಗಲೇ ಅಂಜಿಕೆ ಕೆಲಸ ಮಾಡುತ್ತದೆ. ಯಾರಿಗೂ ನೋವಾಗದ ವಿಷಯ, ಯಾರೂ ಓದದ ಪ್ರಬಂಧ ಎಂಬ ಸುರಕ್ಷಿತ ದಾರಿ ತೆರೆದೇ ಇರುತ್ತದೆ. ಆ ದಾರಿ ಹಿಡಿದ ಪ್ರಬಂಧಗಳಿಂದ ಪದವಿಗಳು ಹೆಚ್ಚುತ್ತವೆ, ತಿಳಿವು ಹೆಚ್ಚುವುದಿಲ್ಲ.

6. ಆಗಬೇಕಾದುದು

ಈ ಸೀಮೆಯದೇ ಆದ ಒಂದು ಮಾದರಿ ಕಣ್ಣೆದುರಿಗಿದೆ. ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ ಹುಟ್ಟಿದ ಶಂಬಾ ಜೋಶಿಯವರು ಭಾಷೆ, ಊರ ಹೆಸರು, ದೈವ, ಕುಲ ಇವುಗಳನ್ನು ಬೇರೆ ಬೇರೆ ಶಾಸ್ತ್ರಗಳ ಸೊತ್ತೆಂದು ಬಗೆಯಲಿಲ್ಲ. ‘ಕಣ್ಮರೆಯಾದ ಕನ್ನಡ’ದಿಂದ ‘ಹಾಲುಮತ ದರ್ಶನ’ದವರೆಗಿನ ಅವರ ಗ್ರಂಥಗಳ ತೀರ್ಮಾನಗಳಲ್ಲಿ ಹಲವು ಇಂದು ನಿಲ್ಲಲಾರವು. ಆದರೆ ಕನ್ನಡದ ಅಧ್ಯಾಪಕನೊಬ್ಬ ನೆಲದ, ಕುಲದ, ನಂಬಿಕೆಯ ಪ್ರಶ್ನೆಗಳನ್ನು ಒಟ್ಟಿಗೆ ಕೇಳಬಲ್ಲನೆಂಬ ಆತ್ಮವಿಶ್ವಾಸ ಅವರಲ್ಲಿತ್ತು. ಕನ್ನಡ ವಿಭಾಗಗಳು ಕಳೆದುಕೊಳ್ಳುತ್ತಿರುವುದು ಆ ಆತ್ಮವಿಶ್ವಾಸವನ್ನು.

2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚೆನ್ನಮ್ಮನ ಹೆಸರಿನ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. 2021ರಲ್ಲಿ ಮುಂಬಯಿ ಕರ್ನಾಟಕಕ್ಕೆ ಕಿತ್ತೂರು ಕರ್ನಾಟಕವೆಂಬ ಹೆಸರು ಬಂದಿತು. ಹೆಸರಿಗೆ ತಕ್ಕ ಹೊಣೆಯೂ ಬರಬೇಕು. ಪೇಶ್ವೆಯವರ ಮತ್ತು ಕಂಪನಿ ಆಡಳಿತದ ಆರಂಭಕಾಲದ ದಾಖಲೆಗಳಲ್ಲಿ ಹೆಚ್ಚಿನವು ಮೋಡಿ ಲಿಪಿಯಲ್ಲಿವೆ. ಕನ್ನಡ ಸಂಶೋಧನಾರ್ಥಿಗೆ ಶಾಸನಶಾಸ್ತ್ರದ ಜೊತೆಗೆ ಮೋಡಿಯ ಶಿಕ್ಷಣವೂ ದೊರೆಯಬೇಕು. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆಯ ನಂತರ ಕೆಲಸ ಕಳೆದುಕೊಂಡ ಪಾಟೀಲ-ಕುಲಕರ್ಣಿಗಳ ಮನೆಗಳಲ್ಲಿ ಉಳಿದ ಕಾಗದಗಳು ಗೆದ್ದಲಿಗೆ ಆಹಾರವಾಗುವ ಮೊದಲು ಪಟ್ಟಿಯಾಗಬೇಕು. ಅಸಾಯಗ್, 1987ರ ನಾಡಕರ್ಣಿ, ರ್‍ಯಾಂಬರ್ಗ್ ಇವರ ಕೃತಿಗಳು ಕನ್ನಡ ತರಗತಿಯ ಓದಿಗೆ, ಟೀಕೆಗೆ ಒದಗಬೇಕು. ಜೋಗತಿಯರಿಂದ ಪದಗಳನ್ನು ಬರೆದುಕೊಳ್ಳುವ ಕೈಯೇ ಅವರ ಹೊಲದ, ಮಕ್ಕಳ, ಹೆಸರಿನ ವೃತ್ತಾಂತವನ್ನೂ ಅವರ ಒಪ್ಪಿಗೆ ಪಡೆದು ಬರೆದುಕೊಳ್ಳಬೇಕು. ಸಂಶೋಧನಾ ಪ್ರಬಂಧದ ವ್ಯಾಪ್ತಿ ತಾಲೂಕಿನ ಗಡಿಯಿಂದ ನಿರ್ಧಾರವಾಗದೆ ಪ್ರಶ್ನೆಯ ವ್ಯಾಪ್ತಿಯಿಂದ ನಿರ್ಧಾರವಾಗಬೇಕು.

ಇದಾವುದಕ್ಕೂ ದೊಡ್ಡ ಅನುದಾನ ಬೇಕಾಗಿಲ್ಲ. ಬೈಲಹೊಂಗಲದ ಸಮಾಧಿ, ಸಂಗೊಳ್ಳಿಯ ಹೊಲ, ಸುರೇಬಾನದ ದಾರಿ, ಎಲ್ಲಮ್ಮನ ಗುಡ್ಡ ಇವು ಒಂದೇ ದಿನದ ಪ್ರವಾಸದಲ್ಲಿ ನೋಡಿ ಮುಗಿಯುವಷ್ಟು ಹತ್ತಿರದಲ್ಲಿವೆ. ಅವನ್ನು ಒಂದೇ ಗ್ರಂಥದಲ್ಲಿ ಕೂಡಿಸಿ ಓದುವ ಕೆಲಸ ಮಾತ್ರ ಇನ್ನೂ ಬಾಕಿ ಇದೆ. ರಾಯಣ್ಣನಿಗೆ ಹೊಲದ ವಾರಸಾ ದಕ್ಕಲಿಲ್ಲ, ದೊರೆಯ ದತ್ತಕ ಮಗನಿಗೆ ಗಾದಿ ದಕ್ಕಲಿಲ್ಲ, ಮುತ್ತು ಕಟ್ಟಿಸಿಕೊಂಡವಳ ಮಕ್ಕಳಿಗೆ ತಂದೆಯ ಹೆಸರು ದಕ್ಕಲಿಲ್ಲ. ಇವರ ಚರಿತ್ರೆಯಾದರೂ ಇವರ ಮೊಮ್ಮಕ್ಕಳಿಗೆ ಅವರದೇ ಭಾಷೆಯಲ್ಲಿ ದಕ್ಕುವಂತೆ ಮಾಡುವುದು ಕನ್ನಡ ಸಂಶೋಧನೆಯ ಪಾಲಿಗೆ ಬಂದ ಹೊಣೆ.